ಒಂಬತ್ತನೆಯ ಬಂದರಿನ ಕೆಂಪು ಹೆಂಗಸು

ಬಸವಕಲ್ಯಾಣ

ಎಪ್ಪತ್ತೊಂದನೆಯ ವಯಸ್ಸಿನಲ್ಲಿ ನಾನು ಮೊದಲ ಸಲ ವಿಮಾನ ಹತ್ತಿದೆ. ಹತ್ತಿಸಿದ್ದು ನಾನೇ ಹೇಳಿದ ಒಂದು ಸುಳ್ಳು. ಹೊರಡುವ ದಿನ ಓಣಿಯವರು ಬಸ್ ಸ್ಟ್ಯಾಂಡಿಗೆ ಬಂದು ಹಾರ ಹಾಕಿದರು, ಫೋಟೋ ತೆಗೆಸಿಕೊಂಡರು. ಆ ಹಾರ ಹಾಕಿದವರಿಗೂ ನಾನು ಸುಳ್ಳು ಹೇಳಿದ್ದೆ. ಆದ್ದರಿಂದ ಪ್ರವಾಸದ ಕಥೆಗಿಂತ ಮೊದಲು ಅದನ್ನೇ ಹೇಳುತ್ತೇನೆ.

ಮನೆಮನೆಗೆ ಡಿಶ್ ಬರುವ ಮುಂಚೆ ಊರಲ್ಲಿ ನನ್ನದೊಂದು ಕೇಬಲ್ ಇತ್ತು. ಕೋಟೆ ಕಡೆಯ ಓಣಿಯಲ್ಲಿ ಒಂದು ಕೋಣೆ, ಎರಡು ವಿಸಿಆರ್, ಒಂದು ಮೈಕು. ಮಕಬೂಲ್ ಕಂಬ ಹತ್ತಿ ವೈರು ಎಳೆಯುತ್ತಿದ್ದ, ನಾನು ಕೂತು ಕ್ಯಾಸೆಟ್ ಹಾಕುತ್ತಿದ್ದೆ. ಅವನ ಅಣ್ಣ ಸೌದಿಯಲ್ಲಿದ್ದ. ಅಲ್ಲಿಯ ಟಿವಿಯಿಂದ ತುಂಬಿಸಿಕೊಂಡು ತಂದ ಕ್ಯಾಸೆಟ್ಟುಗಳಲ್ಲಿ ಹದಿಮೂರು ಕಂತಿನ ಒಂದು ಸರಣಿ ಇತ್ತು: ಒಂಬತ್ತನೆಯ ಬಂದರು. ಮಾತು ಡಚ್ಚು, ಕೆಳಗೆ ಓಡುವ ಅಕ್ಷರ ಅರಬ್ಬಿ. ಎರಡೂ ನನಗೆ ಬಾರವು. ಆಕಾಶದಲ್ಲಿ ತೇಲುವ ಒಂದು ಬಂದರು, ಅದಕ್ಕೊಂದು ದೊಡ್ಡ ಬಾಗಿಲು, ಬಾಗಿಲಿಗೆ ಒಬ್ಬ ಕಾವಲು ಹೆಂಗಸು. ಎಲ್ಲೆಲ್ಲಿಂದಲೋ ಬರುವ ಹಡಗುಗಳಲ್ಲಿ ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ಬಿಡಬಾರದು ಎಂದು ತೀರ್ಮಾನಿಸುವವಳು ಆಕೆ.

ಇದನ್ನು ದಿನಾ ಸಂಜೆ ಏಳಕ್ಕೆ ಹಾಕುತ್ತಿದ್ದೆ. ಭಾಷೆ ಯಾರಿಗೂ ತಿಳಿಯದು. ಅದಕ್ಕೇ ಅದರ ದನಿ ತಗ್ಗಿಸಿ, ಮೈಕು ಹಿಡಿದು ನಮ್ಮ ಮಾತಿನಲ್ಲಿ ಕಥೆ ಹೇಳುತ್ತಿದ್ದೆ. ಅವರ ಬಾಯಿ ಅಲುಗಾಡುವುದನ್ನು ನೋಡಿ ನನ್ನ ಮಾತು ಹಚ್ಚುವುದು. ಕಾವಲಿನವಳಿಗೆ ಗಂಗವ್ವ ಎಂದು ಹೆಸರಿಟ್ಟೆ. ಗಡಗಡ ನಡೆಯುವ ಯಂತ್ರಮನುಷ್ಯ ತಗಡಮಾಮಾ ಆದ. 'ಯಾರ್ ಪೈಕಿ ನೀವು? ಊರು ಯಾವದು? ಬಾಗಲಾ ತೆಗೀಬೇಕಂದ್ರ ಖರೆ ಹೇಳ್ಬೇಕು' ಎಂದು ಗಂಗವ್ವ ಆಕಾಶದಲ್ಲಿ ಕೇಳುತ್ತಿದ್ದರೆ ಓಣಿಯ ಹೆಂಗಸರು ರೊಟ್ಟಿ ಬಡಿಯುವುದು ಬಿಟ್ಟು ಬಂದು ಕೂರುತ್ತಿದ್ದರು. ಆ ಗಂಗವ್ವ ಈಗ ಐವತ್ತು ದಾಟಿದವರಿಗೆಲ್ಲ ನೆನಪಿದ್ದಾಳೆ.

ಮದುವೆ ವಿಡಿಯೋ ತೆಗೆಯುವುದು ನನ್ನ ಇನ್ನೊಂದು ಕೆಲಸವಾಗಿತ್ತು. ಹದಿಮೂರನೆಯ ಕಂತು ಹಾಕಬೇಕಾದ ದಿನವೇ ಹುಮನಾಬಾದಿನಲ್ಲಿ ಒಂದು ಮದುವೆ. ಹೆಣ್ಣು ಒಪ್ಪಿಸುವ ಹೊತ್ತಿಗೆ ಖಾಲಿ ಕ್ಯಾಸೆಟ್ ಮುಗಿದುಹೋಯಿತು. ಚೀಲದಲ್ಲಿ ಇದ್ದದ್ದು ಬಂದರಿನ ಕಡೆಯ ಕ್ಯಾಸೆಟ್ ಒಂದೇ. ಮೇಲೆ ಬೇರೇನೂ ತುಂಬಬಾರದೆಂದು ಮಕಬೂಲನ ಅಣ್ಣ ಅದರ ಬೆನ್ನಿನ ಪುಟ್ಟ ಚಿಪ್ಪನ್ನು ಮುರಿದಿದ್ದ. ನಾನು ಆ ತೂತಿಗೆ ಕಾಗದ ಮಡಚಿ ತುರುಕಿ, ಮೇಲೆ ಟೇಪು ಹಚ್ಚಿ, ಕ್ಯಾಮೆರಾಕ್ಕೆ ಹಾಕಿದೆ. ಹಿಂದಿನ ದಿನ ಹದಿಮೂರನೆಯ ಕಂತನ್ನು ಅರ್ಧ ನೋಡಿ ನಿಲ್ಲಿಸಿದ್ದೆ. ಟೇಪು ಅಲ್ಲಿಯೇ ನಿಂತಿತ್ತು. ಇನ್ನರ್ಧದ ಮೇಲೆ ಮದುವೆ ಹತ್ತಿತು.

ಸಂಜೆ ಊರಿಗೆ ಓಡಿ ಬಂದು ಅದನ್ನೇ ಹಾಕಿದೆ. ಎಲ್ಲಿಯವರೆಗೆ ಅಳಿಸಿದೆ ಎಂಬ ಅಂದಾಜೂ ಇರಲಿಲ್ಲ. ಗಂಗವ್ವ ಬಾಗಿಲಿನ ಚಕ್ರಕ್ಕೆ ಕೈ ಹಾಕಿದಳು. ಮರುಗಳಿಗೆಯಲ್ಲಿ ಪರದೆಯ ಮೇಲೆ ಕೆಂಪು ಸೀರೆ ಉಟ್ಟು ಮುಖ ಮುಚ್ಚಿಕೊಂಡು ಅಳುವ ಹುಮನಾಬಾದಿನ ಮದುಮಗಳು! ನಾನು ವಿಸಿಆರಿನ ವೈರು ಕಿತ್ತೆ. ಮೈಕು ಮಾತ್ರ ಕೈಯಲ್ಲೇ ಇತ್ತು. 'ಚಿತ್ರ ಹೋಗ್ಯದ್ರಿ, ಖರೆ ಕಥಿ ಕೇಳ್ರಿ' ಎಂದು ಹೇಳಿ, ಬಾಯಿಗೆ ಬಂದ ಹಾಗೆ ಕೊನೆ ಕಟ್ಟಿದೆ. ಬಾಗಿಲಿಗೆ ಕೆಂಪು ಬಟ್ಟೆಯ ಹೆಂಗಸೊಬ್ಬಳು ಅಳುತ್ತ ಬಂದಳು, ಯಾರಿಗೂ ತೆರೆಯದ ಗಂಗವ್ವ ಅವಳಿಗೆ ಬಾಗಿಲು ತೆರೆದಳು ಎಂದೆ. ಜನ ಕಣ್ಣೊರೆಸಿಕೊಂಡರು. ಕಂಬದಿಂದ ಇಳಿದು ಓಡಿಬಂದ ಮಕಬೂಲ್ ಕೋಣೆಯ ಬಾಗಿಲಲ್ಲಿ ನಿಂತು ಕಪ್ಪು ಟಿವಿಯನ್ನೂ ನನ್ನನ್ನೂ ನೋಡಿದ. ಏನೂ ಅನ್ನಲಿಲ್ಲ.

ಕ್ಯಾಸೆಟ್ ಮದುವೆ ಮನೆಯವರಿಗೆ ಹೋಯಿತು. ಇಷ್ಟಕ್ಕೇ ಮುಗಿಯಬೇಕಾಗಿತ್ತು.

ಆದರೆ ಒಂಬತ್ತನೆಯ ಬಂದರು ಅದನ್ನು ಮಾಡಿದ ಡಚ್ಚರ ದೇಶದಲ್ಲಿ ಸಾಯಲಿಲ್ಲ. ಅದರ ಮೇಲೆ ಇನ್ನೂ ಮೂರು ಸರಣಿ ಬಂದವು, ಕಂಪ್ಯೂಟರ್ ಆಟಗಳು ಬಂದವು. ಇಂಟರ್ನೆಟ್ಟಿನಲ್ಲಿ ಅಭಿಮಾನಿಗಳದೊಂದು ಹರಟೆಕಟ್ಟೆ ಇದೆ, ದೇಶದೇಶದವರು ಅಲ್ಲಿ ದಿನಾ ಕೂತು ಅದನ್ನೇ ಮಾತಾಡುತ್ತಾರೆ. ಅವರಿಗೆ ಸಿಗದೆ ಹೋದದ್ದು ಮೊದಲ ಸರಣಿಯ ಹದಿಮೂರನೆಯ ಕಂತು. ಡಚ್ಚರ ಟಿವಿ ಹನ್ನೆರಡಕ್ಕೇ ನಿಲ್ಲಿಸಿತ್ತಂತೆ. ಕಡೆಯದು ಹೊರದೇಶಕ್ಕೆ ಮಾತ್ರ ಹೋಗಿ, ಮೂಲ ಟೇಪು ಎಲ್ಲೋ ಹಾಳಾಯಿತು. ಹೀಗಿರುವಾಗ ಹುಲಸೂರಿನ ಒಬ್ಬ ಮಾಸ್ತರರು ಆ ಕಟ್ಟೆಯಲ್ಲಿ ಬರೆದರು: 'ಚಿಕ್ಕವನಿದ್ದಾಗ ಬಸವಕಲ್ಯಾಣದಲ್ಲಿ ಸೋದರಮಾವನ ಮನೆಯಲ್ಲಿ ನೋಡಿದ್ದೇನೆ. ಬಾಗಿಲ ಬಳಿ ಕೆಂಪು ಬಟ್ಟೆಯ ಹೆಂಗಸೊಬ್ಬಳು ಒಂದು ಕ್ಷಣ ಕಂಡಳು.'

ಅಲ್ಲಿಂದ ಶುರು. ಕೆಂಪು ಹೆಂಗಸು ಯಾರು? ಗಂಗವ್ವನ ಅಕ್ಕನೇ? ಸತ್ತವಳೇ? ನೂರಾರು ಪುಟ ಚರ್ಚೆ. ಕೊನೆಗೆ ಆ ಮಾಸ್ತರರ ಮೂಲಕ ನನ್ನನ್ನು ಹುಡುಕಿ ಫೋನು ಮಾಡಿದರು. 'ನೀವು ಪೂರ್ತಿ ನೋಡಿದ್ದೀರಾ?' ಅವತ್ತು ಇಲ್ಲ ಎನ್ನಬಹುದಿತ್ತು. ಇಡೀ ಲೋಕದಲ್ಲಿ ನೋಡಿದವನು ನೀನೊಬ್ಬನೇ ಎಂದು ಯಾರಾದರೂ ಹೇಳಿದರೆ, ಹತ್ತನೆಯ ಇಯತ್ತೆ ಕಲಿತ ಮುದುಕನಿಗೆ ಏನಾಗುತ್ತದೆ ಎಂದು ನನಗೆ ಅಂದು ಗೊತ್ತಾಯಿತು. 'ನೋಡೀನಿ' ಅಂದೆ, ಅಂದು ಮೈಕಿನಲ್ಲಿ ಕಟ್ಟಿದ ಕೊನೆಯನ್ನೇ ಹೇಳಿದೆ. ಅವರು ಟಿಕೆಟ್ ಕಳಿಸಿದರು, ಎರಡು.

ಇನ್ನೊಂದು ಟಿಕೆಟ್ ಮಕಬೂಲನಿಗೆ. ಕೇಬಲ್ ಮುಳುಗಿದ ಮೇಲೆ ಅವನೂ ಸೌದಿಗೆ ಹೋಗಿ ಹನ್ನೆರಡು ವರ್ಷ ದುಡಿದು ಬಂದವನು, ಇಂಗ್ಲಿಷ್ ತಕ್ಕಮಟ್ಟಿಗೆ ಬರುತ್ತದೆ. ಹೊರಡುವ ಹಿಂದಿನ ದಿನ ಕೇಳಿದೆ, "ಏನ್ ಮಾಡೋದೋ ಮಕಬೂಲಾ?"

"ಸಾವ್ಕಾರ್ರ, ಸುಳ್ಳ ಹೇಳಾವ ನೀ. ನಾ ಬರೇ ತರ್ಜುಮಾ ಮಾಡಾವ. ಆದ್ರ ನನಗ ನೆಟ್ಟಗ ಕೇಳಿದ್ರು ಅಂದ್ರ ನಾ ಸುಳ್ಳ ಹೇಳಂಗಿಲ್ಲ. ಈಗ್ಲೇ ಹೇಳಿಬಿಡ್ತೀನಿ."

ಎಂದೋ ಅವನಿಗೆ ಪಗಾರ ಕೊಡುತ್ತಿದ್ದೆನೆಂದು ಇಂದಿಗೂ ನನ್ನನ್ನು ಸಾವ್ಕಾರ ಎಂದು ಚೇಷ್ಟೆ ಮಾಡುತ್ತಾನೆ.

ರಾಟರ್‌ಡ್ಯಾಮ್, ಇಳಿದ ದಿನ

ವಿಮಾನ ಇಳಿದ ಕೂಡಲೇ ನಮ್ಮನ್ನು ಬದಿಗೆ ಕರೆದರು. ಚೀಲದಲ್ಲಿ ಇಪ್ಪತ್ತು ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಅಧಿಕಾರಿ ಹುಡುಗಿ ಕೈಗವಸು ಹಾಕಿಕೊಂಡು ಒಂದು ರೊಟ್ಟಿ ಎತ್ತಿ ಬಡಿದು ನೋಡಿದಳು. ಹಂಚಿನಂತೆ ಸದ್ದಾಯಿತು.

"ಏನು ಅಂತ ಕೇಳಾಕತ್ತಾಳ," ಅಂದ ಮಕಬೂಲ್.

"ಊಟ ಅಂತ ಹೇಳು."

"ಹೇಳ್ದೆ. ನಂಬವಲ್ಲಳು."

ನಾನು ಒಂದು ಮುರಿದು, ಹಿಂಡಿ ಹಚ್ಚಿ, ಅವಳ ಎದುರಿಗೇ ತಿಂದೆ. ಹಲ್ಲು ಸಡಿಲಾಗಿರುವುದರಿಂದ ಬಹಳ ಹೊತ್ತು ಹಿಡಿಯಿತು. ಅವಳು ತಾಳ್ಮೆಯಿಂದ ಕಾದು, ನಾನು ನುಂಗಿದ ಮೇಲೆ ಚೀಲ ತಿರುಗಿ ಕೊಟ್ಟಳು. ಹಿಂದೆ ಸಾಲು ನಿಂತವರು ಚಪ್ಪಾಳೆ ತಟ್ಟಿದರು.

ನಮ್ಮನ್ನು ಉಳಿಸಿಕೊಂಡವನು ಪೀಟರ್. ಅಭಿಮಾನಿಗಳ ಕೂಟದ ಕಾರ್ಯದರ್ಶಿ, ಅರವತ್ತರ ಗಂಡಸು, ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ. ಕೆಲಸ ಬಂದರಿನಲ್ಲಿ ಕ್ರೇನು ನಡೆಸುವುದು. ಅವನ ಮನೆಯ ಮೆಟ್ಟಿಲು ನಮ್ಮಲ್ಲಿ ಕಾಳು ತುಂಬುವ ಹಗೇವಿಗೆ ಇಳಿಸುವ ಏಣಿಯಷ್ಟು ಕಡಿದು. ಮಕಬೂಲ್ ಸರಸರ ಹತ್ತಿದ, ನಾನು ಕೈಕಾಲೆರಡನ್ನೂ ಊರಿ ಹತ್ತಿದೆ. ಅಲ್ಲಿ ಯಾರೂ ಕಿಟಕಿಗೆ ಪರದೆ ಎಳೆಯುವುದಿಲ್ಲ. ಬೀದಿಯಲ್ಲಿ ನಡೆದರೆ ಒಬ್ಬರ ಮನೆಯಲ್ಲಿ ಇಸ್ತ್ರಿ, ಇನ್ನೊಬ್ಬರ ಮನೆಯಲ್ಲಿ ಬೆಕ್ಕು, ಮತ್ತೊಬ್ಬರ ಮನೆಯಲ್ಲಿ ಜಗಳ, ಎಲ್ಲ ಕಾಣುತ್ತದೆ. ಯಾರೂ ನಿಂತು ನೋಡುವುದಿಲ್ಲ. ನಿಂತು ನೋಡಿದವನು ನಾನೊಬ್ಬನೇ.

ಕಾಫಿಯ ಜೊತೆ ಪೀಟರ್ ಒಂದು ಡಬ್ಬಿ ತೆರೆದ. ನಾನು ಒಂದು ಬಿಸ್ಕತ್ತು ತೆಗೆದುಕೊಂಡೆ, ಮಕಬೂಲ್ ಒಂದು ತೆಗೆದುಕೊಂಡ. ಟಪ್ ಎಂದು ಮುಚ್ಚಳ ಬಿತ್ತು, ಡಬ್ಬಿ ಕಪಾಟಿಗೆ ಹೋಯಿತು. ಒಬ್ಬರಿಗೆ ಒಂದು, ಅದು ಅಲ್ಲಿಯ ವಾಡಿಕೆ. ನಮ್ಮಲ್ಲಿ ಬೇಡ ಬೇಡ ಎಂದವನ ತಾಟಿಗೆ ಇನ್ನೆರಡು ಬೀಳದಿದ್ದರೆ ಬೀಗರು ಬೀಗಸ್ತನ ಬಿಡುತ್ತಾರೆ.

"ಇವ್ರು ಜಿಪುಣರೇನೋ?" ಎಂದು ಪಿಸುಗುಟ್ಟಿದೆ.

"ಎರಡು ಟಿಕೀಟ ಕಳಿಸ್ಯಾರ ಸಾವ್ಕಾರ್ರ. ಬಿಸ್ಕೀಟ ಎಣಿಸಬ್ಯಾಡ್ರಿ," ಅಂದ.

ಎರಡನೆಯ ದಿನ, ಸಭೆ

ಸಭೆ ಹಳೆಯ ಗೋದಾಮೊಂದರಲ್ಲಿ. ಏಪ್ರಿಲ್ ಎಂದರೂ ನದಿಯ ಕಡೆಯಿಂದ ಬೀಸುವ ಗಾಳಿಗೆ ಕಿವಿ ಉದುರುವಂತಿತ್ತು. ಒಳಗೆ ಹೋದರೆ ನೂರೈವತ್ತು ಜನ ಇದ್ದಿರಬಹುದು, ಅರ್ಧಕ್ಕರ್ಧ ನೆರೆಗೂದಲು. ಕೆಲವರು ಬಂದರಿನ ಕಾವಲುಗಾರರ ಬೂದು ಅಂಗಿ ಹೊಲಿಸಿ ಹಾಕಿಕೊಂಡಿದ್ದರು. ಒಬ್ಬ ದಪ್ಪನೆಯ ಮನುಷ್ಯ ತಗಡಮಾಮಾನ ವೇಷದಲ್ಲಿ ಕೂರಲಾರದೆ ಗೋಡೆಗೆ ಒರಗಿ ನಿಂತಿದ್ದ. ಒಬ್ಬ ಹೆಂಗಸಿನ ಎದೆಯ ಮೇಲಿನ ಬಿಲ್ಲೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ಗಂಗವ್ವ' ಎಂದಿತ್ತು. ನಾನಿಟ್ಟ ಹೆಸರು ಅಷ್ಟು ದೂರ ಹೋಗಿ ನನ್ನನ್ನೇ ನೋಡುತ್ತಿತ್ತು.

ಅವರು ಮಾತಾಡುವ ಪದ್ಧತಿ ನನಗೆ ಬಹಳ ಸೇರಿತು. ಪ್ರತಿಯೊಬ್ಬರಿಗೂ ಮೂರು ಚೀಟಿ ಕೊಟ್ಟಿರುತ್ತಾರೆ. ಹಸಿರು ಚೀಟಿ ಎಂದರೆ ನಾನೇ ನೋಡಿದ್ದು. ಹಳದಿ ಎಂದರೆ ಬೇರೆಯವರಿಂದ ಕೇಳಿದ್ದು. ಬಿಳಿ ಎಂದರೆ ನನ್ನ ಊಹೆ. ಬಾಯಿ ತೆರೆಯುವ ಮೊದಲು ಚೀಟಿ ಎತ್ತಬೇಕು. ಬಂದರಿನ ಬಾಗಿಲಿಗೆ ಏಳು ಬೀಗವೋ ಎಂಟೋ ಎಂದು ಒಂದು ತಾಸು ವಾದ ನಡೆಯಿತು. ಒಬ್ಬ ಎಂಟು ಎಂದು ಹಸಿರು ಎತ್ತಿದ. ಯಾವ ಕಂತು ಎಂದು ಇನ್ನೊಬ್ಬ ಕೇಳಿದ. ಅವನು ತಡವರಿಸಿ, ಹಸಿರು ಇಳಿಸಿ ಹಳದಿ ಎತ್ತಿದ. ಯಾರೂ ನಗಲಿಲ್ಲ. ಆಟಗಳಲ್ಲಿ ನಡೆದದ್ದನ್ನು ಸರಣಿಯ ಕಥೆಯೆಂದು ಒಪ್ಪಬೇಕೇ ಎಂಬುದು ಮುಂದಿನ ವಾದ. ಆಟದಲ್ಲಿ ಆಡುವವನೇ ಬಾಗಿಲು ಕಾಯುವವನು, ಒಬ್ಬನ ಬಂದರು ಉಳಿಯುತ್ತದೆ, ಇನ್ನೊಬ್ಬನದು ಹಾಳಾಗುತ್ತದೆ, ಯಾವುದು ಖರೆ? 'ಆಡಿದವನಿಗೆ ಖರೆ' ಎಂದು ಒಬ್ಬಳು ಮುದುಕಿ ಬಿಳಿ ಚೀಟಿ ಎತ್ತಿ ಹೇಳಿದಳು. ನಮ್ಮಲ್ಲಿ ಜಾಗದ ತಕರಾರಿಗೆ ಪಂಚರು ಕೂಡಿದಾಗ ಇಂಥ ಚೀಟಿ ಕೊಟ್ಟಿದ್ದರೆ ಎಷ್ಟು ಮಂದಿ ಹಸಿರು ಎತ್ತುತ್ತಿದ್ದರು ಎಂದುಕೊಂಡೆ.

ಮೂಲೆಯಲ್ಲಿ ಆಟ ಆಡಲು ಟಿವಿಗಳಿದ್ದವು. ಮಕಬೂಲ್ ಹೋಗಿ ಕೂತ. ಸ್ವಲ್ಪ ಹೊತ್ತಿಗೆ ಸುತ್ತಲೂ ಜನ ಸೇರಿ ಹೋ ಎನ್ನತೊಡಗಿದರು.

"ಏನಾತೋ?"

"ಎಲ್ಲಾರ್ನೂ ಒಳಗ ಬಿಟ್ಟೆ. ಬಾಗಲಿಗಿ ಬಂದವ್ರನ್ನ ಹ್ಯಾಂಗ ಹೊಳ್ಳಿ ಕಳಸ್ಲಿ?"

"ಮತ್ತ?"

"ಬಂದರ ಮುಳುಗ್ತು. ಮೂರು ನಿಮಿಷ್ದಾಗ. ಇಷ್ಟು ಲಗೂ ಯಾರ್ದೂ ಮುಳುಗಿಲ್ಲಂತ, ಕೈ ಕುಲುಕಾಕತ್ತಾರ."

ಮಧ್ಯಾಹ್ನದ ಊಟ ಎಂದರೆ ತಣ್ಣನೆಯ ಬ್ರೆಡ್ಡು, ಮೇಲೆ ಚಾಕೊಲೇಟಿನ ಕಾಳು ಉದುರಿಸಿದ್ದು. ಅದನ್ನು ದೊಡ್ಡ ದೊಡ್ಡ ಗಂಡಸರು ಮಕ್ಕಳಂತೆ ತಿನ್ನುತ್ತಿದ್ದರು. ಆಗ ನನ್ನ ಎದುರಿಗೆ ಬಂದು ಕೂತವಳು ಆನ್ನೆಕೆ. ಅರವತ್ತರ ಆಸುಪಾಸು, ಗಿಡ್ಡಗೆ ಕತ್ತರಿಸಿದ ಕೂದಲು, ದವಾಖಾನೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಮೊದಲ ಸರಣಿಯನ್ನು ಬರೆದವನು ಅವಳ ಅಪ್ಪ. ಅವನು ತೀರಿ ಬಹಳ ವರ್ಷವಾಯಿತು.

ಅಲ್ಲಿಯವರು ಮಾತನ್ನು ಸುತ್ತಿ ಬಳಸಿ ತರುವುದಿಲ್ಲ. ಆರಾಮ ಇದ್ದೀರಾ ಎಂದೂ ಕೇಳದೆ ನೇರ ಕೇಳಿದಳು, ಮಕಬೂಲ್ ತಿಳಿಸಿದ: "ಆ ಕೆಂಪು ಹೆಂಗಸಿನ ಮಾರಿ ನೋಡ್ದ್ಯಾ ಅಂತ ಕೇಳಾಕತ್ತಾಳ."

ನನ್ನ ಕೈ ತಾನಾಗಿ ಹಸಿರು ಚೀಟಿಯ ಮೇಲೆ ಹೋಯಿತು. "ಮುಚ್ಚಿಕೊಂಡಿದ್ದಳು," ಎಂದೆ. ಅದಷ್ಟು ಖರೆಯೇ ಆಗಿತ್ತು. ಸುಳ್ಳಿನ ಒಳಗೆ ಅಷ್ಟಷ್ಟು ಖರೆ ಸೇರಿಸಿದರೆ ಅದು ಗಟ್ಟಿಯಾಗುತ್ತದೆ ಎಂಬುದನ್ನು ಮೈಕು ಹಿಡಿದ ದಿನಗಳಿಂದ ಬಲ್ಲೆ.

ಅವಳು ತಲೆದೂಗಿದಳು. ಸಂಜೆ ಮನೆಗೆ ಬನ್ನಿ ಎಂದಳು. ಎಷ್ಟು ಗಂಟೆಗೆ ಎಂದೂ, ಎಷ್ಟು ಗಂಟೆಯವರೆಗೆ ಎಂದೂ ಹೇಳಿದಳು.

ಆನ್ನೆಕೆಯ ಮನೆ

ಕಾಲುವೆಯ ದಂಡೆಯಲ್ಲಿ ಸಣ್ಣ ಮನೆ. ಅಡುಗೆಮನೆಯ ಮೇಜಿನ ಮೇಲೆ ಒಂದು ಲಕೋಟೆ ಇಟ್ಟಿದ್ದಳು. ಅದರಿಂದ ಒಂದು ಫೋಟೋ ತೆಗೆದಳು. ಹಡಗುಕಟ್ಟೆಯ ಮೇಲೆ ಗಾಳಿಗೆ ಕೂದಲು ಹಾರಿಸಿಕೊಂಡು ನಿಂತ ಹೆಂಗಸು, ಮೈಮೇಲೆ ಕೆಂಪು ಕೋಟು.

ಅವಳ ತಾಯಿ. ಆನ್ನೆಕೆಗೆ ಒಂಬತ್ತು ವರ್ಷವಿದ್ದಾಗ ಸತ್ತಳಂತೆ. ಸತ್ತ ಮೇಲೆ ಅಪ್ಪ ಅವಳ ಹೆಸರನ್ನೇ ಎತ್ತಲಿಲ್ಲ. ಮಗಳು ಕೇಳಿದರೆ ಎದ್ದು ಹೋಗುತ್ತಿದ್ದ. ಅಪ್ಪನಿಗೆ ಅವ್ವನ ಮೇಲೆ ಪ್ರೀತಿಯೇ ಇರಲಿಲ್ಲ ಎಂದು ಬಗೆದು ದೊಡ್ಡವಳಾದ ಮೇಲೆ ಅವಳೂ ಅವನ ಜೊತೆ ಮಾತು ಬಿಟ್ಟಳು. ಅವನು ಸಾಯುವಾಗಲೂ ಹೋಗಲಿಲ್ಲ.

"ಆಮ್ಯಾಲ ಹುಲಸೂರ ಮಾಸ್ತರ ಬರದಿದ್ದು ಓದ್ದಳಂತ," ಮಕಬೂಲ್ ನನ್ನ ಮುಖ ನೋಡದೆ ತರ್ಜುಮೆ ಮಾಡುತ್ತಿದ್ದ. "ನೀ ಫೋನಿನ್ಯಾಗ ಹೇಳಿದ್ದೂ ಕೇಳ್ದಳಂತ. ಕೆಂಪು ಬಟ್ಟಿ ಹೆಂಗಸಿಗಿ ಬಾಗಲಾ ತೆಗದ್ರು ಅಂತ. ಅಪ್ಪ ಬಾಯಿಲೆ ಹೇಳ್ಲಾರದ್ದು ಕಥಿಯಾಗ ಇಟ್ಟಾನ ಅಂತ ಆವತ್ತ ತಿಳೀತಂತ. ನಲವತ್ತ ವರ್ಷದ ಸಿಟ್ಟು ಆವತ್ತ ಇಳೀತಂತ."

ಹೊಸ ಆಟ ಬರಲಿದೆ, ಅದರಲ್ಲಿ ಹದಿಮೂರನೆಯ ಕಂತಿನ ಕೊನೆಯನ್ನು ತೋರಿಸುತ್ತಾರೆ, ಕೆಂಪು ಹೆಂಗಸಿಗೆ ಈ ಫೋಟೋದ ಮುಖವನ್ನೇ ಕೊಡುತ್ತಾರೆ ಎಂದಳು. ನಾಳೆ ಮಧ್ಯಾಹ್ನ ಸಭೆಯಲ್ಲಿ ನನ್ನ ಮಾತು ಮುಗಿದ ಮೇಲೆ ಆಟದವರ ಕೈಗೆ ಫೋಟೋ ಕೊಡುವವಳಿದ್ದಳು.

ನಾನು ಆ ಫೋಟೋ ನೋಡುತ್ತ ಕೂತೆ. ಅಭಿಮಾನಿಗಳ ಹರಟೆಯಲ್ಲಿ ನನ್ನದೊಂದು ಹರಟೆ ಸೇರಿತು, ಯಾರಿಗೇನು ನಷ್ಟ ಎಂದುಕೊಂಡಿದ್ದೆ. ಒಬ್ಬಳು ಆ ಸುಳ್ಳಿನ ಮೇಲೆ ಅಪ್ಪನನ್ನೇ ಕ್ಷಮಿಸಿ ಕೂತಿದ್ದಾಳೆ ಎಂದು ಯಾರು ಅಂದುಕೊಂಡಾರು? ಈಗ ಖರೆ ಹೇಳಿದರೆ ಆ ಕ್ಷಮೆ ಹೋಗುತ್ತದೆ. ಹೇಳದಿದ್ದರೆ ಸತ್ತ ತಾಯಿಯ ಮುಖ ನನ್ನ ಸುಳ್ಳಿನ ಮೇಲೆ ಕೂರುತ್ತದೆ. ಬಾಯಿ ತೆರೆದೆ. "ಫೋಟೋ ಛಲೋ ಅದ," ಎಂದೆ. ಅಷ್ಟೇ ಬಂತು.

ಹೊರಗೆ ಬಂದೆವು. ಸೈಕಲ್ಲಿನವರ ದಾರಿಯಲ್ಲಿ ನಡೆಯುತ್ತಿದ್ದೆವು, ಅವರು ಗಂಟೆ ಬಾರಿಸಿ ಬೈದು ಹೋಗುತ್ತಿದ್ದರು.

"ಆವತ್ತ ನಾ ಯಾಕ ಸುಮ್ಮನಿದ್ದೆ ಗೊತ್ತದೇನು?" ಎಂದ ಮಕಬೂಲ್. "ಓಣಿ ಮಂದಿ ಅಳಾಕತ್ತಿತ್ತು. ಖುಷಿಯಿಂದ. ಹಾಳ ಮಾಡೋದ್ಯಾಕ ಅಂದ್ಕೊಂಡೆ. ತಪ್ಪ ನಂದೂ ಅದ."

"ಆಕಿಗೂ ಈಗ ಸಮಾಧಾನ ಅದಲ್ಲೋ."

"ಅದ. ಯಾರದೋ ಮದವಿ ಸೀರಿ ನೋಡಿ ಸಮಾಧಾನ ಅದ. ಅಣ್ಣೆಪ್ಪಾ, ನಿನ್ನ ಅವ್ವನ ಮಾರಿ ಹಿಂಗ್ಯಾರರ ಮಾಡಿದ್ರ?"

ಸಾವ್ಕಾರ ಎನ್ನದೆ ಹೆಸರು ಹಿಡಿದು ಅವನು ನನ್ನನ್ನು ಕರೆದದ್ದು ಆ ಪ್ರವಾಸದಲ್ಲಿ ಅದೊಂದೇ ಸಲ.

ಮೂರನೆಯ ದಿನ

ವೇದಿಕೆಯ ಮೇಲೆ ಕುರ್ಚಿ ಹಾಕಿದ್ದರು. ಮುಂದಿನ ಸಾಲಿನಲ್ಲಿ ಆನ್ನೆಕೆ, ತೊಡೆಯ ಮೇಲೆ ಲಕೋಟೆ. ಅವಳ ಪಕ್ಕದಲ್ಲಿ ಆಟದ ಕಂಪನಿಯ ಇಬ್ಬರು ಹುಡುಗಿಯರು. ಪೀಟರ್ ನನ್ನ ಪರಿಚಯ ಹೇಳಿ ಕೂತ. ಎಲ್ಲರೂ ನನ್ನ ಕೈಯಲ್ಲಿ ಹಸಿರು ಚೀಟಿ ಏಳುವುದನ್ನು ಕಾಯುತ್ತಿದ್ದರು.

ಮೂರು ಚೀಟಿಯನ್ನೂ ಕುರ್ಚಿಯ ಮೇಲೆ ಇಟ್ಟು ನಿಂತುಕೊಂಡೆ. ನಾನೇ ಮಾಡಿದ್ದು ಎನ್ನುವುದಕ್ಕೆ ಅವರಲ್ಲಿ ಚೀಟಿ ಇರಲಿಲ್ಲ.

"ಕೊನಿ ನಾ ನೋಡಿಲ್ರಿ," ಎಂದೆ. "ನೋಡೂದಕ್ಕೂ ಮೊದಲ ಅಳಿಸಿದೆ. ಅಳಿಸಿದಾವ ನಾನ."

ಮಕಬೂಲ್ ಇಂಗ್ಲಿಷಿನಲ್ಲಿ ಹೇಳಿದ. ಅವನ ದನಿ ಎಷ್ಟು ಮೆಲ್ಲಗಿತ್ತೆಂದರೆ ಹಿಂದಿನವರು ಜೋರಾಗಿ ಎಂದರು. ಅವನು ಮತ್ತೊಮ್ಮೆ ಹೇಳಬೇಕಾಯಿತು.

ಆಮೇಲೆ ಎಲ್ಲವನ್ನೂ ಹೇಳಿದೆ. ಮುರಿದ ಚಿಪ್ಪು, ತೂತಿಗೆ ತುರುಕಿದ ಕಾಗದ, ಹುಮನಾಬಾದಿನ ಮದುಮಗಳು, ಕಿತ್ತ ವೈರು, ಕಪ್ಪು ಟಿವಿಯ ಮುಂದೆ ಹಿಡಿದ ಮೈಕು. ಕೆಂಪು ಹೆಂಗಸು ಬರೆದವನ ಮನಸ್ಸಿನಿಂದ ಬಂದವಳಲ್ಲ, ಕ್ಯಾಸೆಟ್ ಕೊಳ್ಳಲು ಸೋಮಾರಿತನ ಮಾಡಿದವನ ಚೀಲದಿಂದ ಬಂದವಳು ಎಂದೆ. ತಗಡಮಾಮಾನ ವೇಷದವನು ತಲೆಯ ಡಬ್ಬಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಗಂಗವ್ವನ ಬಿಲ್ಲೆಯವಳು ಎದ್ದು ಹೊರಗೆ ಹೋದಳು. ಯಾರೋ ಒಬ್ಬ ಸಿಟ್ಟಿನಿಂದ ಏನೋ ಕೂಗಿದ. ಮಕಬೂಲ್ ಅದನ್ನು ತರ್ಜುಮೆ ಮಾಡಲಿಲ್ಲ, ನಾನೂ ಕೇಳಲಿಲ್ಲ.

ಆನ್ನೆಕೆ ಕೂತಲ್ಲೇ ಕೂತಿದ್ದಳು. ಲಕೋಟೆಯನ್ನು ಚೀಲಕ್ಕೆ ಹಾಕಿ, ಚೀಲದ ಗುಂಡಿ ಹಚ್ಚಿ, ಎದ್ದು ಹೊರಟಳು. ನನ್ನ ಮುಂದಿನಿಂದಲೇ ಹೋದಳು. ಕೈ ಮುಗಿದೆ. ನೋಡಲಿಲ್ಲ.

ಆಮೇಲೆ ಆದದ್ದು ನಾನು ಎಣಿಸದೇ ಇದ್ದದ್ದು. ಪೀಟರ್ ಎದ್ದು ಒಂದೇ ಪ್ರಶ್ನೆ ಕೇಳಿದ.

"ಆ ಮದವಿ ಎಷ್ಟೊತ್ತು ತುಂಬಿಸಿದಿ ಅಂತ ಕೇಳಾಕತ್ತಾನ."

"ಹದಿನೈದು, ಇಪ್ಪತ್ತು ನಿಮಿಷ. ಹುಡುಗಿ ಗಾಡಿ ಹತ್ತೂತನ."

ಸಭೆಯಲ್ಲಿ ಗುಜುಗುಜು ಎದ್ದಿತು. ಒಂದು ಕಂತು ಐವತ್ತು ನಿಮಿಷ, ಅರ್ಧ ಉಳಿದಿತ್ತು, ಅಂದರೆ ಮದುವೆ ಮುಗಿದ ಮೇಲೆ ಟೇಪಿನಲ್ಲಿ ಇನ್ನೂ ಏನಾದರೂ ಉಳಿದಿರಬೇಕು! ನೂರೈವತ್ತು ಜನ ಬೈಯುವುದನ್ನು ಬಿಟ್ಟು ಚೀಟಿಯ ಹಿಂದೆ ಲೆಕ್ಕ ಹಾಕತೊಡಗಿದರು. ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಆ ಕ್ಯಾಸೆಟ್ಟಿನ ಹೆಸರೆತ್ತಿದರೆ ಮಾತು ಬದಲಿಸುತ್ತಿದ್ದವನಿಗೆ ಅದನ್ನು ಕೊನೆಯವರೆಗೆ ನೋಡುವ ಧೈರ್ಯ ಎಲ್ಲಿಂದ ಬರಬೇಕು?

ಹೊರಡುವ ದಿನ

ಸ್ಟೇಷನ್ನಿಗೆ ಆನ್ನೆಕೆ ಬಂದಿದ್ದಳು. ಬರುತ್ತಾಳೆಂದು ಪೀಟರನಿಗೂ ಗೊತ್ತಿರಲಿಲ್ಲ.

ಮಾತಿಗೆ ಪೀಠಿಕೆ ಹಾಕದೆ ಹೇಳಿದಳು: 'ನಾನು ನಿಮ್ಮನ್ನು ಕ್ಷಮಿಸಿಲ್ಲ. ಕ್ಷಮಿಸುತ್ತೇನೋ ಇಲ್ಲವೋ ಗೊತ್ತಿಲ್ಲ. ಆದರೆ ಅಪ್ಪ ಏನು ಬರೆದಿದ್ದನೋ ಅದರಲ್ಲಿ ಒಂದು ನಿಮಿಷ ಉಳಿದಿದ್ದರೂ ನನಗೆ ಬೇಕು. ಚೆನ್ನಾಗಿರಬೇಕೆಂದಿಲ್ಲ. ನಿಮ್ಮ ಮಾತು ಬೇಡ, ನನಗೆ ಕಾಣಬೇಕು.'

ನಮ್ಮಲ್ಲಾದರೆ ಇಷ್ಟು ನೆಟ್ಟಗೆ ಯಾರೂ ಹೇಳುವುದಿಲ್ಲ. ಇರಲಿ ಬಿಡಿ ಎನ್ನುತ್ತಾರೆ, ಆಮೇಲೆ ಜೀವಮಾನ ಮಾತಾಡುವುದಿಲ್ಲ. ಅವಳು ಹೇಳಿದ್ದೇ ನನಗೆ ಹಗುರಾಯಿತು. ಉಳಿದ ಎಂಟು ರೊಟ್ಟಿ ಅವಳ ಕೈಗೆ ಕೊಟ್ಟೆ. ಬಡಿದು ನೋಡಿ ಚೀಲದಲ್ಲಿ ಇಟ್ಟುಕೊಂಡಳು.

ಹುಮನಾಬಾದ

ಊರಿಗೆ ಬಂದ ನಾಲ್ಕನೆಯ ದಿನ ಬೆಳಿಗ್ಗೆ ಇಬ್ಬರೂ ಹುಮನಾಬಾದಿನ ಬಸ್ಸು ಹತ್ತಿದೆವು. ಮಕಬೂಲನ ತೊಡೆಯ ಮೇಲೆ ಎಲ್ಲಿಂದಲೋ ಹುಡುಕಿ ರಿಪೇರಿ ಮಾಡಿಸಿದ ವಿಸಿಆರ್. ಅಂದಿನ ಮದುಮಗಳು ಸುಮಂಗಲಾಬಾಯಿ ಈಗ ಮೊಮ್ಮಕ್ಕಳಾದ ಹೆಂಗಸು, ಗಂಡನದು ಕಿರಾಣಿ ಅಂಗಡಿ. ತವರಿನವರು ಕ್ಯಾಸೆಟ್ಟನ್ನು ಆಮೇಲೆ ಅವಳಿಗೇ ಕಳಿಸಿದ್ದರು. ಟ್ರಂಕಿನಿಂದ ತೆಗೆದುಕೊಟ್ಟಳು. ಬೆನ್ನಿನ ಮೇಲೆ ನಾನು ಹಚ್ಚಿದ ಟೇಪು ಹಳದಿಯಾಗಿ ಸುಲಿದಿತ್ತು.

ಫೋನಿನಲ್ಲಿ ಆನ್ನೆಕೆಯನ್ನು ಕರೆದು ಟಿವಿಯ ಎದುರಿಗೆ ಹಿಡಿದೆ. ಮುಖ ಮುಚ್ಚಿಕೊಂಡು ಅಳುವ ಮದುಮಗಳು, ಬೀಗರು, ಹೂವು ಕಟ್ಟಿದ ಜೀಪು. ಜೀಪು ಹೊರಟಿತು. ಪರದೆಯ ಮೇಲೆ ಬಿಳಿ ಚುಕ್ಕೆಗಳ ಗದ್ದಲ. ಆಮೇಲೆ ಚಿತ್ರ ನಡುಗಿ ನಿಂತಿತು.

ಬಂದರಿನ ಬಾಗಿಲು. ಮುಚ್ಚಿತ್ತು. ಗಂಗವ್ವ ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ಒಂದು ಮಾತೂ ಇರಲಿಲ್ಲ. ಬಹಳ ಹೊತ್ತು ಹಾಗೆಯೇ ಕೂತಿದ್ದು, ಎದ್ದು, ಚಕ್ರವನ್ನು ತಿರುಗಿಸಲು ಹೋದಳು, ತಿರುಗಿಸದೆ ಕೈ ಅದರ ಮೇಲೆಯೇ ಇಟ್ಟುಕೊಂಡು ನಿಂತಳು. ಅಷ್ಟರಲ್ಲಿ ಹೆಸರುಗಳು ಓಡತೊಡಗಿದವು.

ಫೋನಿನಲ್ಲಿ ಆನ್ನೆಕೆ ಒಂದು ಶಬ್ದ ಹೇಳಿದಳು, ಮತ್ತೊಮ್ಮೆ ಅದನ್ನೇ ಹೇಳಿದಳು. ಅಪ್ಪ ಎಂದಿರಬೇಕು, ಅವರ ಭಾಷೆಯಲ್ಲೂ ಅದು ಸುಮಾರು ಹಾಗೇ ಕೇಳುತ್ತದೆ. ಇಂಗ್ಲಿಷಿನಲ್ಲಿ ಮೆಲ್ಲಗೆ ಏನೋ ಹೇಳಿದಳು.

"ಅಪ್ಪ ಹಿಂಗೇ ನಿಂದ್ರತಿದ್ದನಂತ," ಮಕಬೂಲ್ ಹೇಳಿದ. "ಅವ್ವನ ಕ್ವಾಣೆ ಬಾಗಲದಾಗ. ಹಿಡಿಕಿ ಮ್ಯಾಲ ಕೈ ಇಟ್ಟು. ತೆಗೀತಿರ್ಲಿಲ್ಲಂತ, ಹೋಗ್ತಿರ್ಲಿಲ್ಲಂತ."

ಸುಮಂಗಲಾಬಾಯಿ ಫೋನಿನೊಳಗೆ ಇಣುಕಿದಳು. "ಯಾರ್ರಿ ಈ ಅಕ್ಕಾರು? ಯಾಕ ಅಳಾಕತ್ತಾರ?"

ಮಕಬೂಲ್ ಎಲ್ಲ ತಿಳಿಸಿದ. ಆನ್ನೆಕೆ ಕಣ್ಣೊರೆಸಿಕೊಂಡು, ನಿಮ್ಮ ಮದುವೆಯ ದಿನ ನೀವು ಅಷ್ಟು ಯಾಕೆ ಅತ್ತಿರಿ ಎಂದು ಕೇಳಿದಳು.

"ನಾ ಎಲ್ಲಿ ಅತ್ತೀನ್ರಿ! ಸೀರಿ ಅಂಚ ಕಾಲಾಗ ಸಿಕ್ಕಿ ಬೀಳೂದಿತ್ತು, ನಗಿ ಬಂತು. ಈ ಅಣ್ಣೆಪ್ಪಣ್ಣನ ಅಂದ, 'ಅಳಬೇಕವ್ವಾ, ಇಲ್ಲಂದ್ರ ವಿಡಿಯೋ ಛಂದ ಬರಂಗಿಲ್ಲ.' ಅದಕ್ಕ ಸೆರಗ ಮುಚ್ಕೊಂಡು ನಕ್ಕೆ."

ಅದು ನನಗೆ ನೆನಪೇ ಇರಲಿಲ್ಲ. ಮಕಬೂಲ್ ಇಂಗ್ಲಿಷಿನಲ್ಲಿ ಹೇಳಿ ಮುಗಿಸುವ ಮುಂಚೆಯೇ ಅವನಿಗೂ ನಗು ತಡೆಯಲಾಗಲಿಲ್ಲ. ಫೋನಿನಲ್ಲಿ ಆನ್ನೆಕೆಯೂ ನಕ್ಕಳು. ಮೂಗು ಒರೆಸಿಕೊಂಡು ಮತ್ತೆ ನಕ್ಕಳು. ಆ ಸೀರೆ ಇದೆಯೇ, ನೋಡಬಹುದೇ ಎಂದು ಕೇಳಿದಳು.

"ಸೀರಿ ಎಲ್ಲಿ ಉಳಿತದ್ರಿ, ಕೌದಿಗಿ ಹಾಕೀನಿ," ಎಂದು ಸುಮಂಗಲಾಬಾಯಿ ಒಳಗಿನಿಂದ ಕೌದಿ ತಂದು ನೆಲದ ಮೇಲೆ ಹರವಿದಳು. ಹತ್ತಾರು ಹಳೆಯ ಬಟ್ಟೆ ಕೂಡಿಸಿ ಹೊಲಿದದ್ದು, ನಡುನಡುವೆ ಮಾಸಿದ ಕೆಂಪು ತುಂಡುಗಳು. ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಒಂದೊಂದರ ಹತ್ತಿರ ಹಿಡಿಯುತ್ತ ಹೋದಳು. "ಇದು ನಂದು. ಇದು ನಮ್ಮ ಅತ್ತೀದು, ತೀರ್ಕೊಂಡ್ರು. ಇದು ಇವರ ಅಂಗಿ. ಇಲ್ಲಿ ನೋಡ್ರಿ ಅಕ್ಕಾರ, ಇದೂ ನಂದ."

ತರ್ಜುಮೆ ಮಾಡಲು ಮಕಬೂಲ್ ಬಾಯಿ ತೆರೆದ. ನಾನು ಅವನ ಕೈ ಹಿಡಿದೆ. ಆನ್ನೆಕೆಗೆ ಕಾಣುತ್ತಿತ್ತು.